ಕರಿಯಮ್ಮನ ಒಂಬತ್ತು ಗಂಟೆ

ಕಳ್ಳನಿಗೂ ಒಂದು ಮಟ್ಟದ ನಾಚಿಕೆ ಇರುತ್ತದೆ. ಕದ್ದ ಕೋಳಿಯನ್ನು ಕದ್ದ ಮನೆಯ ಜಗಲಿ ಮೇಲೇ ಕೂತು ಯಾರೂ ತಿನ್ನುವುದಿಲ್ಲ. ರಾಜಶೇಖರನಿಗೆ ಅಷ್ಟು ನಾಚಿಕೆಯೂ ಇರಲಿಲ್ಲ ನೋಡಿ. ಮೈಸೂರಿನಲ್ಲಿ ಕಂಪನಿ ಕಟ್ಟಿಕೊಂಡು, ಪೇಪರಿನಲ್ಲಿ ಫೋಟೊ ಹಾಕಿಸಿಕೊಂಡು ಮೆರೆದದ್ದು ಸಾಲದೆ, ಈ ಆಷಾಢದ ಭಾನುವಾರ ಚಾಮರಾಜನಗರದ ಗೋಡೆಕೂಟಕ್ಕೇ ಬಂದು ತನ್ನ ‘ಊರ್ಮಾತು’ ಆ್ಯಪು ತೋರಿಸುತ್ತೇನೆ ಅಂತ ಗ್ರೂಪಿನಲ್ಲಿ ಹಾಕಿದ್ದ. ಅದೇ ಊರು, ಅದೇ ಛತ್ರ. ಎರಡು ವರ್ಷದ ಹಿಂದೆ ಭವ್ಯಳ ಕೈಯಿಂದ ಮಾಲು ಈಸಿಕೊಂಡು ಹೋದ ಅದೇ ಜಾಗ.

ಗುಂಡ್ಲುಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತ ನಿಂತಿದ್ದ ಭವ್ಯ ಆ ಮೆಸೇಜು ಓದಿದಳು. ಮೈಯೆಲ್ಲ ಉರಿದುಹೋಯಿತು. ಮಕ್ಕಳಿಗೆ ಟೈಪಿಂಗ್ ಮಾಡಿಕೊಳ್ಳಿ ಅಂತ ಹೇಳಿ ಆಚೆ ಬಂದು, ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿಕೊಂಡು ಸುಮಾರು ಹೊತ್ತು ನಿಂತಳು. ಅಲ್ಲಿ ನಿಂತಾಗಲೇ ಅವಳಿಗೆ ಉಪಾಯ ಹೊಳೆದದ್ದು. ಇಪ್ಪತ್ತೇಳು ವರ್ಷದ ಹುಡುಗಿ, ಯಾರಿಗೂ ಎದುರು ಮಾತಾಡಿದವಳಲ್ಲ. ಆದರೆ ಅವತ್ತು ಅವಳ ತಲೆಯೊಳಗೆ ಓಡಿದ್ದನ್ನು ಯಾರಾದರೂ ಕಂಡಿದ್ದರೆ ಎರಡು ಹೆಜ್ಜೆ ಹಿಂದೆ ಸರಿದುಬಿಡುತ್ತಿದ್ದರು.

ಗೋಡೆಕೂಟ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಂಪ್ಯೂಟರು, ಫೋನು ಅಂದರೆ ಪ್ರಾಣ ಬಿಡುವ ಜನ ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಕಾಲೇಜಿನ ಮೇಷ್ಟ್ರುಗಳು, ಮೊಬೈಲ್ ರಿಪೇರಿಯವರು, ಹರವೆಯಲ್ಲಿ ಅರಿಶಿನ ಬೆಳೆಯುತ್ತ ಮನೆಯಿಂದಲೇ ಫೋನಿನಲ್ಲಿ ಪಂಪ್‌ಸೆಟ್ ಆನ್ ಮಾಡುವ ಮಲ್ಲೇಶನಂಥವರು. ಆಷಾಢದಲ್ಲಿ ಮದುವೆ ಇಲ್ಲವಲ್ಲ, ಛತ್ರ ಖಾಲಿ ಬಿದ್ದಿರುತ್ತದೆ. ವರ್ಷಕ್ಕೊಂದು ಭಾನುವಾರ ಅಲ್ಲಿ ಸೇರುತ್ತಾರೆ. ಅಧ್ಯಕ್ಷರಿಲ್ಲ, ಮುಖ್ಯ ಅತಿಥಿಗಳಿಲ್ಲ, ಶಾಲು ಹಾರ ಇಲ್ಲ. ಊಟದ ಹಾಲಿನ ಗೋಡೆಗೆ ದೊಡ್ಡ ಬಿಳಿ ಹಾಳೆ ಅಂಟಿಸಿ ಗಂಟೆಗೊಂದರಂತೆ ಮನೆ ಗೀಚಿರುತ್ತಾರೆ. ಬೆಳಿಗ್ಗೆ ಬಂದವರು ಯಾರು ಬೇಕಾದರೂ ಒಂದು ಚೀಟಿಯಲ್ಲಿ ತಮ್ಮ ವಿಷಯ ಬರೆದು ಖಾಲಿ ಮನೆಗೆ ಅಂಟಿಸಬಹುದು, ಆ ಗಂಟೆ ಅವರದು. ಬೇಜಾರಾದವರು ಎದ್ದು ಪಕ್ಕದ ಕೋಣೆಗೆ ಹೋದರೆ ಯಾರೂ ಮುಖ ಊದಿಸಿಕೊಳ್ಳುವ ಹಾಗಿಲ್ಲ.

ಕೂಟ ಶುರು ಮಾಡಿದವರು ಸೋಮೇಶ್ ಮೇಷ್ಟ್ರು. ಬಾಗಿಲಲ್ಲಿ ಅವರು ಎರಡು ಕಟ್ಟಳೆ ಬರೆದು ತೂಗುಹಾಕುತ್ತಿದ್ದರು. ಸುಮ್ಮನೆ ನೋಡಿಕೊಂಡು ಹೋಗುವವರು ಇಲ್ಲಿ ಯಾರೂ ಇಲ್ಲ, ಏನು ತೋರಿಸಿದರೂ ಅದನ್ನು ಕೂತವರ ಕೈಗೆ ಕೊಟ್ಟು ತೋರಿಸಬೇಕು ಅನ್ನುವುದು ಒಂದು. ಮೈಕು ಹಿಡಿದವರು ತಾವಾಗಿ ಕೆಳಗಿಡುವ ತನಕ ಅದನ್ನು ಯಾರೂ ಕಸಿಯಬಾರದು ಅನ್ನುವುದು ಇನ್ನೊಂದು. ಒಂದು ವರ್ಷ ಯಾರೋ ದೊಡ್ಡ ಮನುಷ್ಯರು ಕಾಲೇಜು ಹುಡುಗಿಯ ಕೈಯಿಂದ ಮೈಕು ಕಿತ್ತುಕೊಂಡು ಭಾಷಣ ಬಿಗಿದಿದ್ದರು, ಅದಾದ ಮೇಲೆ ಬಂದ ಕಟ್ಟಳೆ ಅದು. ಮೇಷ್ಟ್ರು ಮೆತ್ತಗಿನ ಮನುಷ್ಯ. ಆದರೆ ಈ ಎರಡರ ವಿಷಯದಲ್ಲಿ ಯಾರಪ್ಪ ಬಂದರೂ ಜಗ್ಗುವವರಲ್ಲ.

ಭವ್ಯ ಹಂಗಳದವಳು. ಅವಳಿಗೆ ಕಾಲೇಜಿನ ದಿನದಿಂದಲೂ ಒಂದು ಸಿಟ್ಟಿತ್ತು. ಕನ್ನಡದಲ್ಲಿ ಮಾತಾಡಿದರೆ ಫೋನು ಬರೆದುಕೊಡುತ್ತದೆ ಅನ್ನುತ್ತಾರೆ, ಆದರೆ ಅವಳ ಅಜ್ಜಿ ಕರಿಯಮ್ಮ ಮಾತಾಡಿದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ‘ಓಗನ ಬುಡು’ ಅಂದರೆ ಏನೇನೋ ಬರೆದು ಕೂರುತ್ತದೆ. ಯಾಕೆ, ನಮ್ಮದು ಮಾತಲ್ಲವಾ? ಈ ಒಂದು ಹಟಕ್ಕೆ ಅವಳು ಎರಡು ವರ್ಷ ಭಾನುವಾರಗಳನ್ನೆಲ್ಲ ಸುಟ್ಟಳು. ಸ್ಕೂಟರಿನಲ್ಲಿ ಹಂಗಳ, ನಮ್ಮ ಕಡೆಯ ಮದ್ದೂರು, ಹರವೆ ಅಂತ ಸುತ್ತಿ, ಜಗಲಿಗಳ ಮೇಲೆ ಕೂತು ನಲವತ್ತೆರಡು ಜನ ಮುದುಕ ಮುದುಕಿಯರ ಮಾತು ಫೋನಿಗೆ ತುಂಬಿಕೊಂಡಳು. ಮನೆಗೆ ಬಂದು ಪ್ರತಿಯೊಂದು ಮಾತನ್ನೂ ಕೇಳಿ ಕೇಳಿ, ಹೇಗೆ ಅಂದರೋ ಹಾಗೇ ಟೈಪು ಮಾಡಿದಳು. ತಿದ್ದಲಿಲ್ಲ, ನಾಜೂಕು ಮಾಡಲಿಲ್ಲ. ಒಬ್ಬೊಬ್ಬರಿಗೂ ಒಂದು ನಂಬರು ಕೊಟ್ಟಳು. ನಲವತ್ತೊಂದು ಜನರಿಗೆ ಒಂದು ಕಾಗದ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡಳು: ನನ್ನ ಮಾತನ್ನು ಈ ಕೆಲಸಕ್ಕೆ ಬಳಸಬಹುದು, ಬಳಸಿದವರು ನನ್ನ ಹೆಸರು ಹೇಳಬೇಕು, ಅಂತ. ಒಂದನೇ ನಂಬರು ಮಾತ್ರ ಅಜ್ಜಿ. ಮನೆಯವಳಿಗೆ ಕಾಗದ ಯಾಕೆ ಅಂತ ಬಿಟ್ಟಳು.

ಕರಿಯಮ್ಮನ ಮಾತು ಒಂಬತ್ತು ಗಂಟೆಯಷ್ಟಿತ್ತು, ಬೇರೆ ಯಾರದ್ದೂ ಅಷ್ಟಿರಲಿಲ್ಲ. ಆ ಹೆಂಗಸು ಅಂಥ ಮಾತುಗಾರ್ತಿ. ರಾಗಿ ಕೇರುತ್ತ ಮಾತು, ಸೊಪ್ಪು ಬಿಡಿಸುತ್ತ ಮಾತು, ಎದುರಿಗೆ ಯಾರೂ ಇಲ್ಲದಿದ್ದರೆ ಎಮ್ಮೆಯ ಜೊತೆಗೆ ಮಾತು. ಮಾತು ಕೇಳಿ ಬರೆಯುವ ಇಂಥ ಯಂತ್ರವೂ ಕೂಸಿನ ಹಾಗೇ, ಯಾರ ಮಾತು ಹೆಚ್ಚು ಕಿವಿಗೆ ಬೀಳುತ್ತದೋ ಅವರದನ್ನು ಮೊದಲು ಕಲಿಯುತ್ತದೆ. ಭವ್ಯಳ ಹಳೇ ಲ್ಯಾಪ್‌ಟಾಪು ಬಿಸಿಯಾಗಿ ಬಿಸಿಯಾಗಿ ಅಷ್ಟಿಷ್ಟು ಕಲಿತಾಗ, ಅದಕ್ಕೆ ಮೊದಲು ತಿಳಿದ ದನಿ ಕರಿಯಮ್ಮನದೇ.

ಅದನ್ನೇ ಅವಳು ಎರಡು ವರ್ಷದ ಹಿಂದಿನ ಗೋಡೆಕೂಟದಲ್ಲಿ ತೋರಿಸಿದ್ದು. ಆಗ ಎದ್ದು ಬಂದ ರಾಜಶೇಖರ, ಒಳ್ಳೇ ಒಡಹುಟ್ಟಿದ ಅಣ್ಣನ ಹಾಗೆ ಬೆನ್ನು ತಟ್ಟಿದ. ಈ ಲ್ಯಾಪ್‌ಟಾಪಿನಲ್ಲಿ ಇದು ಕಲಿಯೋಕೆ ಮೂರು ಜನ್ಮ ಬೇಕು ಕಣಮ್ಮ, ನನ್ನ ಹತ್ತಿರ ದೊಡ್ಡ ಮಿಷನ್ ಇದೆ, ಕೊಡು, ಇಬ್ಬರೂ ಸೇರಿ ಮಾಡೋಣ ಅಂದ. ಇವಳು ಖುಷಿಯಿಂದ ಹಾರ್ಡ್ ಡಿಸ್ಕನ್ನೇ ಕೊಟ್ಟಳು. ನಲವತ್ತೆರಡು ಹೆಸರಿನ ಪಟ್ಟಿಯನ್ನೂ ಅದರೊಳಗೆ ಹಾಕಿ ಕೊಟ್ಟಳು. ಏಳು ತಿಂಗಳಿಗೆ ‘ಊರ್ಮಾತು’ ಹೊರಗೆ ಬಂತು. ಅದರಲ್ಲಿ ಭವ್ಯಳ ಹೆಸರಿಲ್ಲ, ಆ ಹಣ್ಣುಹಣ್ಣು ಮುದುಕರಲ್ಲಿ ಒಬ್ಬರ ಹೆಸರೂ ಇಲ್ಲ. ಫೋನು ಮಾಡಿದರೆ ಆ ಮಹಾರಾಯ ಹೇಳಿದ ಮಾತು ಅವಳಿಗೆ ಇವತ್ತಿಗೂ ಬಾಯಿಪಾಠ.

“ಹಳ್ಳಿಯೋರ ಮಾತು ಯಾರಪ್ಪನ ಮನೆ ಆಸ್ತೀನೂ ಅಲ್ಲ ಕಣಮ್ಮ. ಹಿಡಿದು ಡಬ್ಬಕ್ಕೆ ಹಾಕಿದವನದು.”

ಅಷ್ಟು ಹೇಳಿ ಅವಳ ನಂಬರನ್ನೇ ಬ್ಲಾಕ್ ಮಾಡಿದ. ಹಾಳಾಗಿ ಹೋಗಲಿ ಅಂತ ಅದನ್ನೂ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಆಮೇಲೆ ಆ ವಿಡಿಯೊ ಬಂತು.

ನಮ್ಮ ಆ್ಯಪಿಗೆ ಅಜ್ಜಿಯ ಬೈಗುಳವೂ ಅರ್ಥವಾಗುತ್ತದೆ ಅಂತ ಜಾಹೀರಾತು ಮಾಡಿಸಿದ್ದ. ಅದರಲ್ಲಿ ಒಂದೇ ಒಂದು ಮಾತು: “ಸಾಯೋ ಮುದುಕಂಗೆ ಕಾಪಿ ಕೇಡು!” ಹಿಂದೆ ಟುಂಯ್ ಟುಂಯ್ ಅಂತ ಕೋಡಂಗಿ ಮ್ಯೂಸಿಕ್ಕು, ಕಿಸಕ್ಕನೆ ನಗುವ ಬೊಂಬೆ. ವಾಟ್ಸ್‌ಆ್ಯಪಿನಲ್ಲಿ ಅದು ಊರೂರು ಹರಿದಾಡಿತು. ಜನ ಅದಕ್ಕೆ ಕಾಪಿ ಅಜ್ಜಿ ಅಂತ ಹೆಸರಿಟ್ಟರು. ದನಿ ಕರಿಯಮ್ಮನದು. ತನ್ನ ಗಂಡ ನಾಗಯ್ಯ ತೀರಿಕೊಂಡ ದಿನವನ್ನು ಅವಳು ಮೊಮ್ಮಗಳಿಗೆ ಅಳುತ್ತ ಹೇಳಿಕೊಂಡಿದ್ದಳು, ಅದರ ನಡುವಿನಿಂದ ಈ ಒಂದು ತುಂಡನ್ನು ಅವನ ಆಫೀಸಿನವರು ಕತ್ತರಿಸಿಕೊಂಡಿದ್ದರು. ಅದರ ಹಿಂದೆ ಮುಂದೆ ಏನಿತ್ತು ಅಂತ ನಾನು ಹೇಳುವುದಿಲ್ಲ, ಹೇಳಬೇಕಾದವಳು ಹೇಳುತ್ತಾಳೆ.

ಹಂಗಳದ ಟೀ ಅಂಗಡಿ ಮುಂದೆ ನಾಲ್ಕು ಜನ ಆ ವಿಡಿಯೊ ಹಾಕಿಕೊಂಡು ನಗುತ್ತಿದ್ದಾಗ ಕರಿಯಮ್ಮ ಹುಲ್ಲಿನ ಹೊರೆ ಹೊತ್ತು ಆ ದಾರಿಯಲ್ಲೇ ಬಂದಳು. ತನ್ನ ದನಿ ತಾನೇ ಕೇಳಿದಳು. ಹೊರೆ ಇಳಿಸಲಿಲ್ಲ, ಯಾರನ್ನೂ ಬೈಯಲಿಲ್ಲ, ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಅವತ್ತಿನಿಂದ ಮಾತು ನಿಂತಿತು. ಹ್ಞೂಂ, ಊಹ್ಞೂಂ, ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ. ಎಮ್ಮೆಯ ಜೊತೆಗೂ ಇಲ್ಲ. ಮನೆಯಲ್ಲಿ ಯಾರಾದರೂ ಫೋನು ಕೈಗೆತ್ತಿಕೊಂಡರೆ ಸೆರಗು ಬಾಯಿಗೆ ಅಡ್ಡ ಹಿಡಿದು ಎದ್ದು ಹೋಗುತ್ತಿದ್ದಳು. ಹದಿನಾಲ್ಕು ತಿಂಗಳು ಆ ಮನೆಯಲ್ಲಿ ಆ ಮೌನವನ್ನು ಉಂಡು ಮಲಗಿದವಳು ಭವ್ಯ. ರಾಜಶೇಖರನ ಮೇಲಿನ ಅವಳ ಸಿಟ್ಟು ಎಷ್ಟಿರಬೇಕು ಅಂತ ನೀವೇ ಲೆಕ್ಕ ಹಾಕಿ.

ಈಗ ಅವಳ ಉಪಾಯ ಕೇಳಿ. ರಾಜಶೇಖರ ಎಲ್ಲೆಲ್ಲಿ ‘ಊರ್ಮಾತು’ ತೋರಿಸಿದ್ದನೋ ಆ ವಿಡಿಯೊಗಳನ್ನೆಲ್ಲ ಅವಳು ಕೂತು ನೋಡಿದ್ದಳು. ಪ್ರತಿ ಸಲವೂ ಅವನದು ಒಂದೇ ಆಟ. ಕೂತವರಲ್ಲಿ ಹಳ್ಳಿಯ ಮುದುಕಿ ಒಬ್ಬಳನ್ನು ಹುಡುಕಿ, ಹೆಗಲ ಮೇಲೆ ಕೈ ಹಾಕಿ ಕರಕೊಂಡು ಬಂದು, ಮೈಕು ಕೊಟ್ಟು, ನೋಡಿ ಇವರು ಯಾರೋ ನನಗೆ ಗೊತ್ತಿಲ್ಲ, ಇವರ ಮಾತೂ ನಮ್ಮ ಯಂತ್ರಕ್ಕೆ ಬರುತ್ತೆ ಅನ್ನುವುದು. ಹಾಗಾದರೆ ಮುಂದಿನ ಸಾಲಿನಲ್ಲಿ ಕರಿಯಮ್ಮ ಕೂತಿದ್ದರೆ? ಅವಳನ್ನು ಅವನು ಕಂಡವನಲ್ಲ. ಕದ್ದ ಮಾತನ್ನು ಒಂದು ದಿನವೂ ಕೂತು ಕೇಳಿದವನಲ್ಲ, ಹೆಸರಿನ ಪಟ್ಟಿ ತೆರೆದು ನೋಡಿದವನೂ ಅಲ್ಲ. ಯಂತ್ರ ಅವಳು ಅಂದದ್ದನ್ನು ಸರಿಯಾಗಿ ಬರೆದರೆ ಅವನ ಕಳ್ಳತನ ದೊಡ್ಡ ಪರದೆಯ ಮೇಲೆ ಬೀಳುತ್ತದೆ. ತಪ್ಪಾಗಿ ಬರೆದರೆ ಅವನ ಯಂತ್ರ ದಂಡ. ಯಾವ ಕಡೆ ಹೊರಳಿದರೂ ಅವನಿಗೆ ಉಳಿಗಾಲವಿಲ್ಲ. ತಪ್ಪು ಬರೆಯುವುದಿಲ್ಲ ಅಂತಲೂ ಅವಳಿಗೆ ಗೊತ್ತಿತ್ತು, ಅದಕ್ಕೆ ಮಾತು ಕಲಿಸಿದವಳೇ ಕರಿಯಮ್ಮ ತಾನೆ.

ಒಂದೇ ತೊಡಕು. ಕರಿಯಮ್ಮ ಬಾಯಿ ಬಿಡಬೇಕು.

ಭವ್ಯ ಅಜ್ಜಿಯ ಕಾಲ ಹತ್ತಿರ ಕೂತು ಎಲ್ಲ ಹೇಳಿದಳು. ಕರಿಯಮ್ಮ ಕಿವಿ ಮೇಲೆ ಹಾಕಿಕೊಳ್ಳದವಳ ಹಾಗೆ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ತಾನಾಗಿ ಕೇಳಿದಳು.

“ಅವ್ನು ದಿಟುಕ್ಕೂ ಬತ್ತನಾ?”

ಬರುತ್ತಾನೆ ಅಂದಳು ಭವ್ಯ. ಸರಿ ಅನ್ನುವ ಹಾಗೆ ಕರಿಯಮ್ಮ ತಲೆಯಾಡಿಸಿದಳು. ಭವ್ಯ ಅವಳಿಗೆ ಹೇಳಬೇಕಾದ ಮಾತು ಕಲಿಸಿದಳು: ಈ ಮಾತೆಲ್ಲ ನನ್ನ ಮೊಮ್ಮಗಳು ಭವ್ಯ ಕೂಡಿಸಿದ್ದು, ಈವಯ್ಯ ಕದ್ದದ್ದು. ಅಷ್ಟೇ ಸಾಕಿತ್ತು. ಅದಾದ ತಕ್ಷಣ ತಾನು ಎದ್ದು, ತಾರೀಕು ಸಮೇತ ಎಲ್ಲ ಫೈಲು ತೆಗೆದು ಅವನ ಮರ್ಯಾದೆಯನ್ನು ಛತ್ರದ ಮಧ್ಯೆ ಹರಾಜಿಗಿಡುವುದು ಅಂತ ಅವಳ ಲೆಕ್ಕ. ಕರಿಯಮ್ಮ ಆ ಮಾತನ್ನು ಮೆಲ್ಲಗೆ ಹತ್ತು ಹನ್ನೊಂದು ಸಲ ಅಂದುಕೊಂಡಳು. ಯಾವತ್ತೂ ಇಲ್ಲದ್ದು, ಅವಳ ಮುಖ ಗಡುಸಾಗಿತ್ತು.

ಭಾನುವಾರ ಇಬ್ಬರೂ ಮೊದಲ ಬಸ್ಸಿಗೇ ಬಂದರು. ಭವ್ಯ ಗೋಡೆಯ ಹತ್ತಿರ ಹೋಗಿ, ರಾಜಶೇಖರನ ಚೀಟಿ ಹನ್ನೊಂದು ಗಂಟೆಯ ಮನೆಯಲ್ಲಿ ಇರುವುದನ್ನು ನೋಡಿ, ಹನ್ನೆರಡರ ಮನೆಗೆ ತನ್ನ ಚೀಟಿ ಅಂಟಿಸಿದಳು: ‘ಊರ್ಮಾತು ಯಾರ ಮಾತು?’ ಹೆಸರು ಬರೆಯಲಿಲ್ಲ. ಅಜ್ಜಿಯನ್ನು ಮುಂದಿನ ಸಾಲಿನ ಅಂಚಿನ ಕುರ್ಚಿಯಲ್ಲಿ ಕೂರಿಸಿ, ತಾನು ಮಾಸ್ಕ್ ಹಾಕಿಕೊಂಡು ಹಿಂದೆ ಕಂಬದ ಮರೆಗೆ ಸರಿದಳು.

ಬಂದ ನೋಡಿ ರಾಜಶೇಖರ. ಬೆಂಗಳೂರಿನ ಒಂದು ದೊಡ್ಡ ಕಂಪನಿಯವರನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದ. ‘ಊರ್ಮಾತು’ ಕೊಳ್ಳಬೇಕು ಅಂತ ಇದ್ದವರು ಅವರು, ಹಳ್ಳಿಯವರ ಎದುರಿಗೇ ಅದು ಹೇಗೆ ನಡೆಯುತ್ತದೆ ನೋಡಬೇಕು ಅಂದಿದ್ದರಂತೆ. ಅದಕ್ಕೇ ಈ ಊರಿನ ಮೇಲೆ ಅವನಿಗೆ ಅಷ್ಟು ಪ್ರೀತಿ ಉಕ್ಕಿದ್ದು. ಅವರಲ್ಲಿ ಪವಿತ್ರ ಅನ್ನುವ ಹೆಣ್ಣುಮಗಳು ದೊಡ್ಡ ಇಂಜಿನಿಯರು. ಮೊದಲು ಅವಳೇ ಮೈಕು ಹಿಡಿದು ನಾಲ್ಕು ಮಾತಾಡಿದಳು. ಪರದೆಯ ಮೇಲೆ ಅರ್ಧಕ್ಕರ್ಧ ತಪ್ಪು. ಮಲ್ಲೇಶ ಮಾತಾಡಿದ, ಅವನದ್ದೂ ಅಲ್ಲಲ್ಲಿ ಮುಗ್ಗರಿಸಿತು. ರಾಜಶೇಖರ ನಗುತ್ತಲೇ, ಓದಿದವರ ಮಾತು ಇದಕ್ಕೆ ಕಷ್ಟ, ಹಳೇ ತಲೆಮಾರಿನವರು ಬೇಕು ಅಂತ ಕಣ್ಣಾಡಿಸಿದ. ಕಣ್ಣು ಸೀದಾ ಕರಿಯಮ್ಮನ ಮೇಲೆ ಬಂದು ನಿಂತಿತು. ಕಂಬದ ಹಿಂದಿನಿಂದ ಭವ್ಯ ಕತ್ತು ಚಾಚಿ ನೋಡಿದಳು.

ಅವನು ಹೆಗಲ ಮೇಲೆ ಕೈ ಹಾಕಿ ಕರಕೊಂಡು ಬಂದ. ಇವರು ಯಾರೋ ನನಗೆ ಗೊತ್ತಿಲ್ಲ ಅಂದ. ಮೈಕು ಕೈಗಿಟ್ಟ. ಕರಿಯಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಳು. ಹತ್ತು ಎಣಿಸುವಷ್ಟು ಹೊತ್ತಾಯಿತು, ಇಪ್ಪತ್ತಾಯಿತು. ಹದಿನಾಲ್ಕು ತಿಂಗಳ ಬೀಗ, ಇಷ್ಟು ಜನರ ಮುಂದೆ ತೆಗೆಯುತ್ತದಾ?

ಆಗ ಆ ಪುಣ್ಯಾತ್ಮನೇ ಕೀಲಿ ತಿರುಗಿಸಿದ.

“ಏನಾದ್ರೂ ಹೇಳಿ ಅಜ್ಜಿ. ಮನೇಲಿ ತಾತನ್ನ ಬೈಯಲ್ವಾ? ಹಂಗೇ ಬೈಯಿರಿ.”

ಕರಿಯಮ್ಮ ಕತ್ತೆತ್ತಿ ಅವನ ಮುಖ ನೋಡಿದಳು.

“ತಾತ ಇಲ್ಲ ಕಣಪ್ಪ. ಸತ್ತೋದ.”

ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಅದೇ ಮೂಡಿತು. ಹಿಂದಿನ ಸಾಲಿನಿಂದ ಯಾರೋ ದನಿ ಗುರುತು ಹಿಡಿದು, ಏ, ಕಾಪಿ ಅಜ್ಜಿ ಕಣ್ಲಾ ಅಂದ. ಹಾಲಿನ ತುಂಬ ನಗು ಎದ್ದಿತು. ತನ್ನ ಜಾಹೀರಾತಿನ ತಮಾಷೆ ಅಂದುಕೊಂಡು ರಾಜಶೇಖರನೂ ಜೊತೆಯಲ್ಲಿ ನಕ್ಕ. ಕರಿಯಮ್ಮ ಕಾದಳು.

“ನಗ್ರಪ್ಪ, ನಗಿ. ನಕ್ಕಂಡು ಮುಗುಸಿ, ಆಮೇಕೆ ಏಳ್ತೀನಿ.”

ನಗು ತಾನಾಗಿ ಅಡಗಿತು. ಕರಿಯಮ್ಮ ಮಾತಾಡಿದಳು. ದನಿ ಎತ್ತಲಿಲ್ಲ, ಅಳಲಿಲ್ಲ. ನೆರೆಮನೆಯವಳಿಗೆ ಹೇಳುವ ಹಾಗೆ ಹೇಳಿದಳು.

“ನನ್ನ ಯಜಮಾನ ನಾಗಯ್ಯ. ಸಾಯೋ ದಿನ ಒಂದ್ಗುಟುಕು ಕಾಪಿ ಕೊಡಮ್ಮಿ ಅಂದ. ಸಾಯೋ ಮುದುಕಂಗೆ ಕಾಪಿ ಕೇಡು ಅಂದೆ. ದಿನಾ ಅಂಗೇ ಅಂತಿದ್ದೆ, ಅವ್ನೂ ದಿನಾ ನಗ್ತಿದ್ದ. ಆವತ್ತೂ ನಕ್ಕ. ನಾನು ಒಲೆ ಅಸ್ಸಿ ಕಾಪಿ ಕಾಯಿಸ್ಕಂಡು ಬರೋಗಂಟ ಉಸ್ರು ಓಗಿತ್ತು. ಲೋಟ ಇಡ್ಕಂಡು ಅಂಗೇ ನಿಂತ್ಕಂಡಿದ್ದೆ. ನೀವು ನಕ್ಕುದ್ದು ಅದ್ರೊಳಗಿಂದು ಒಂದು ಮಾತ್ಗೆ. ಮಿಕ್ಕುದ್ದ ಈವಯ್ಯ ಕುಯ್ದು ಬಿಸಾಕವ್ನೆ.”

ಪರದೆಯ ಮೇಲೆ ಒಂದೂ ಬಿಡದೆ ಎಲ್ಲ ಬಂದಿತ್ತು. ನಕ್ಕವರು ತಲೆ ಕೆಳಗೆ ಹಾಕಿದರು. ರಾಜಶೇಖರನ ಮುಖ ಕಪ್ಪಿಟ್ಟಿತು. ಮೈಕಿಗೆ ಕೈ ಚಾಚಿದ. ಸೋಮೇಶ್ ಮೇಷ್ಟ್ರು ಎದ್ದು ಬಂದು ಮಧ್ಯೆ ನಿಂತು, ಬಾಗಿಲ ಬೋರ್ಡಿನ ಕಡೆ ಬೆರಳು ತೋರಿಸಿದರು. ಅವನು ಲ್ಯಾಪ್‌ಟಾಪಿನ ಹತ್ತಿರ ನಿಂತಿದ್ದ ತನ್ನ ಆಫೀಸಿನವನ ಕಡೆ ತಿರುಗಿ ಹಲ್ಲು ಕಚ್ಚಿಕೊಂಡು ಗದರಿದ. ಮೈಕು ಹತ್ತಿರದಲ್ಲೇ ಇತ್ತಲ್ಲ, ಯಂತ್ರ ನಿಯತ್ತಾಗಿ ಅದನ್ನೂ ಬರೆಯಿತು: ‘ಆಫ್ ಮಾಡೋ ಅದನ್ನ’. ಆಫೀಸಿನವನು ಕೈ ಕಟ್ಟಿಕೊಂಡು ಪರದೆಯನ್ನೇ ನೋಡುತ್ತ ನಿಂತ.

ಕಂಪನಿಯವರ ಕಡೆ ತಿರುಗಿ ರಾಜಶೇಖರ ಹಲ್ಲು ಬಿಟ್ಟ. ಇದು ಆ್ಯಪಿನ ಹೊಸ ವರ್ಶನ್, ಇನ್ನೂ ತಪ್ಪು ತಪ್ಪು ಬರೆಯುತ್ತೆ, ಅಜ್ಜಿ ಅಂದದ್ದು ಬೇರೆ ಅಂದ. ತನ್ನ ಯಂತ್ರವನ್ನು ತಾನೇ ಹಳಿಯುವ ಗತಿ ಬಂತು ನೋಡಿ. ಪವಿತ್ರ ಎದ್ದು ನಿಂತಳು. ಯಾವುದು ತಪ್ಪು, ಒಂದು ಪದ ತೋರಿಸಿ ಅಂದಳು. ಅವನು ಪರದೆ ನೋಡಿದ. ತೋರಿಸಲು ಒಂದೂ ಇರಲಿಲ್ಲ.

“ನಮ್ಮೆಲ್ಲರ ಮಾತಿಗೆ ಮುಗ್ಗರಿಸಿದ್ದು ಇವರೊಬ್ಬರಿಗೆ ಒಂದಕ್ಷರ ತಪ್ಪಿಲ್ಲ,” ಅಂದಳು ಪವಿತ್ರ. “ಈ ದನಿ ಇದಕ್ಕೆ ಮೊದಲೇ ಗೊತ್ತು. ಇದು ಕಲಿತದ್ದೇ ಇವರಿಂದ. ಇವರು ಯಾರು, ರಾಜಶೇಖರ್?”

“ಗೊತ್ತಿಲ್ಲ... ಯಾರೋ ಅಜ್ಜಿ.”

ಭವ್ಯ ಕಂಬದ ಮರೆಯಿಂದ ಹೊರಗೆ ಬಂದು ಮಾಸ್ಕ್ ತೆಗೆದಳು. ಅವನು ತನ್ನನ್ನು ನೋಡಲಿ ಅಂತ ಅವಳ ಆಸೆ. ನೋಡಿದ ಕೂಡ. ಅವನು ಒಂದು ಹೆಜ್ಜೆ ಹಿಂದೆ ಸರಿದದ್ದು ಅವಳಿಗೆ ಅಷ್ಟು ದೂರಕ್ಕೂ ಕಾಣಿಸಿತು. ಆ ಒಂದು ಗಳಿಗೆಗೆ ಅವಳಿಗೆ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ಕಲಿಸಿದ ಮಾತೊಂದು ಬಂದರೆ ಮುಗಿಯಿತು.

“ಯಾರೋ ಅಜ್ಜಿ ಅಲ್ಲ. ನಾನು ಹಂಗಳದ ಕರಿಯಮ್ಮ. ಈ ಮಾತೆಲ್ಲ ನನ್ನ ಮೊಮ್ಮಗಳು ಭವ್ಯ ಕೂಡಿಸಿದ್ದು. ಈವಯ್ಯ ಕದ್ದದ್ದು.”

ಭವ್ಯ ಲ್ಯಾಪ್‌ಟಾಪು ಎದೆಗವಚಿಕೊಂಡು ಮುಂದೆ ಬಂದಳು. ಕರಿಯಮ್ಮ ಮೈಕು ಕೆಳಗಿಡಲಿಲ್ಲ. ಮೊಮ್ಮಗಳು ನಡೆದು ಬರುವುದನ್ನೇ ನೋಡುತ್ತಿದ್ದಳು.

“ಕಳ್ಳನ ಕೈಗೆ ತಕ್ಕೊಂಡೋಗಿ ಕೊಟ್ಟೋಳು ಇವಳೇಯ. ನಲವತ್ತೊಂದು ಜನರ ತಾವ ಎಬ್ಬೆಟ್ಟು ಒತ್ತುಸ್ಕಂಡ್ಳು. ನನ್ನ ಕೇಳ್ನಿಲ್ಲ. ಮನೆ ಮುದುಕಿ ತಾನೆ ಅಂದ್ಕಂಡ್ಳು. ಇವತ್ತು ಅವನ್ನ ಇಡಿಯಕೆ ನನ್ನ ಮುಂದುಕ್ಕೆ ತಂದು ಕುಂಡುರ್ಸವಳೆ, ತಾನು ಕಂಬದ ಇಂದೆ ಕುಂತಿದ್ಳು. ಈ ಮಾತು ಅವನ್ದೂ ಅಲ್ಲ, ಇವಳ್ದೂ ಅಲ್ಲ. ನಂದು.”

ಇಷ್ಟು ಹೇಳಿ ಮೈಕನ್ನು ಕುರ್ಚಿಯ ಮೇಲೆ ಇಟ್ಟಳು. ಭವ್ಯ ಹಾಲಿನ ನಡುವೆ ನಿಂತುಬಿಟ್ಟಳು. ಎದುರಿಗೆ ಅವಳ ಹೆಸರು ಪರದೆಯ ಮೇಲೆ, ಅವಳೇ ಆ ಯಂತ್ರಕ್ಕೆ ಕಲಿಸಿದ ಅಕ್ಷರಗಳಲ್ಲಿ. ಯಂತ್ರ ಒಂದೂ ತಪ್ಪು ಮಾಡಿರಲಿಲ್ಲ. ಮುಖ ಎಲ್ಲಿಡಬೇಕು ಅಂತ ಅವಳಿಗೆ ತಿಳಿಯಲಿಲ್ಲ.

ಕಂಪನಿಯವರು ಬ್ಯಾಗು ಮುಚ್ಚಿದರು. ಪವಿತ್ರ ರಾಜಶೇಖರನಿಗೆ ಏನೋ ಎರಡು ಮಾತು ಹೇಳಿ ಹೊರಟಳು. ಉಳಿದವರು ಒಬ್ಬೊಬ್ಬರಾಗಿ ಎದ್ದು ಪಕ್ಕದ ಕೋಣೆಗೆ ನಡೆದರು. ಎದ್ದು ಹೋಗುವುದಕ್ಕೆ ಅಲ್ಲಿ ಯಾರ ಅಪ್ಪಣೆಯೂ ಬೇಕಿರಲಿಲ್ಲವಲ್ಲ.

ಅಲ್ಲಿ ಕಾಫಿ ಇಟ್ಟಿದ್ದ ಮೇಜಿನ ಹತ್ತಿರ ರಾಜಶೇಖರ ಕರಿಯಮ್ಮನ ಮುಂದೆ ಬಂದು ನಿಂತ. ಹೆಸರು ಹಾಕಿಸ್ತೀನಿ, ಫೋಟೊ ಹಾಕಿಸ್ತೀನಿ, ಆ ಕಂಪನಿಯೋರಿಗೆ ಒಂದು ಮಾತು ಹೇಳಿ ಅಜ್ಜಿ ಅಂತ ಗೋಗರೆಯುತ್ತ, ತಾನೇ ಒಂದು ಲೋಟ ಕಾಫಿ ಹಿಡಿದು ಚಾಚಿದ.

“ನನ್ನ ಯಜಮಾನ ಕುಡೀದೆ ಓದ ಕಾಪಿಯ ನಿನ್ನ ಕೈಲಿ ಈಸ್ಕಂಡು ಕುಡೀಲಾ?” ಅಂದಳು ಕರಿಯಮ್ಮ.

ಅವನು ಲೋಟ ಹಿಡಿದುಕೊಂಡು ಹಾಗೇ ನಿಂತ. ಸೋಮೇಶ್ ಮೇಷ್ಟ್ರು ಒಂದು ಹಾಳೆಯಲ್ಲಿ, ಇವರ ಮಾತನ್ನೆಲ್ಲ ‘ಊರ್ಮಾತಿ’ನಿಂದ ಅಳಿಸುತ್ತೇನೆ, ವಿಡಿಯೊ ತೆಗೆಸುತ್ತೇನೆ ಅಂತ ಅವನ ಕೈಯಲ್ಲೇ ಬರೆಸಿದರು. ಅವನು ಪೆನ್ನು ತೆಗೆದು ಸೈನು ಹಾಕಲು ಹೋದ. ಸೈನು ನಂಗೆ ಓದಕೆ ಬರಕಿಲ್ಲ, ಎಬ್ಬೆಟ್ಟು ಒತ್ಸಿ ಅಂದಳು ಕರಿಯಮ್ಮ. ಛತ್ರದ ಆಫೀಸಿನಿಂದ ಇಂಕಿನ ಪ್ಯಾಡು ತರಿಸಿದರು. ಇಂಜಿನಿಯರಿಂಗ್ ಓದಿದ ಮನುಷ್ಯ ಅಷ್ಟು ಜನರ ಮುಂದೆ ಹೆಬ್ಬೆಟ್ಟು ಒತ್ತಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಆಚೆ ಹೋದ. ಇದಕ್ಕಾಗಿ ಭವ್ಯ ಎಷ್ಟು ದಿನ ಹಲ್ಲು ಕಚ್ಚಿಕೊಂಡು ಕಾದಿದ್ದಳು. ಕಣ್ಣೆದುರು ನಡೆದಾಗ ಅವಳಿಗೆ ಸರಿಯಾಗಿ ನೋಡಲಿಕ್ಕೂ ಆಗಲಿಲ್ಲ.

ಹನ್ನೆರಡಾಗಿತ್ತು. ಅವಳ ಚೀಟಿ ಓದಿಕೊಂಡು ಜನ ಬಂದು ಕೂತು ಕಾಯುತ್ತಿದ್ದರು. ಭವ್ಯ ಗೋಡೆಯ ಹತ್ತಿರ ಹೋಗಿ ಚೀಟಿ ಕಿತ್ತು ಮಡಿಚಿ ಬ್ಯಾಗಿಗೆ ಹಾಕಿಕೊಂಡಳು. ಯಾಕಮ್ಮ ಅಂತ ಮೇಷ್ಟ್ರು ಕೇಳಿದರು. ಆ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ ಸಾರ್ ಅಂದಳು.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಕಿಟಕಿಯ ಕಡೆ ಭವ್ಯ, ನಡುವೆ ಕರಿಯಮ್ಮ, ಈಚೆಗೆ ಚೆಂಡುಹೂವಿನ ಚೀಲ ಕಾಲ ಹತ್ತಿರ ಇಟ್ಟುಕೊಂಡ ಒಬ್ಬಳು ಹೆಂಗಸು. ಊರು ದಾಟಿದ ಮೇಲೆ ಕರಿಯಮ್ಮ ರಸ್ತೆಯನ್ನೇ ನೋಡುತ್ತ ಅಂದಳು.

“ಈಗ ಕೇಳು.”

ಏನು ಅಂತ ಭವ್ಯ ಕೇಳಲಿಲ್ಲ. ತಿಳಿಯಿತು.

“ಅಜ್ಜಿ, ನಿನ್ನ ಮಾತ ನಾನು ಮಡಗಿಕಳ್ಳಾ?”

“ಬ್ಯಾಡ.”

ಮತ್ತೆ ಕೇಳುವ ದನಿಯಾಗಿರಲಿಲ್ಲ ಅದು. ತೆರಕಣಾಂಬಿ ಹತ್ತಿರ ಭವ್ಯ ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದಳು. ಒಂದನೇ ನಂಬರಿನ ಫೋಲ್ಡರು. ಒಂಬತ್ತು ಗಂಟೆ. ಅದು ಹೋದರೆ ಅವಳ ಯಂತ್ರಕ್ಕೆ ಅರ್ಧ ಕಿವಿ ಹೋದ ಹಾಗೆ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದಾ ಅಂತ ಕರಿಯಮ್ಮ ಬೆರಳಿಟ್ಟು ಕೇಳಿದಳು. ಇದೇ ಅಂದಳು. ಅಳಿಸಿದಳು. ಫೋನಿನಲ್ಲಿದ್ದದ್ದನ್ನೂ ಅಳಿಸಿ, ಖಾಲಿಯಾದದ್ದನ್ನು ಅಜ್ಜಿಗೆ ತೋರಿಸಿದಳು.

ಕರಿಯಮ್ಮ ಅದನ್ನು ಒಂದು ಗಳಿಗೆ ನೋಡಿ, ಈಚೆ ತಿರುಗಿ, ಹೂವಿನ ಹೆಂಗಸನ್ನು ಯಾವೂರವ್ವ ನಿಂದು ಅಂತ ಕೇಳಿದಳು. ಆಮೇಲೆ ಶುರುವಾಯಿತು ನೋಡಿ. ಎಮ್ಮೆಯದು, ರಾಗಿಯದು, ನಾಗಯ್ಯನದು, ಹದಿನಾಲ್ಕು ತಿಂಗಳು ಕಟ್ಟಿಟ್ಟಿದ್ದದ್ದೆಲ್ಲ ಬಂತು. ಆ ಹೆಂಗಸು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎಂಥ ಮಾತುಗಳು ಅಂತೀರಿ, ಭವ್ಯ ಒಂದು ದಿನವೂ ಕೇಳದಿದ್ದವು. ಅಭ್ಯಾಸಬಲ, ಅವಳ ಕೈ ಎರಡು ಸಲ ಫೋನಿಗೆ ಹೋಯಿತು. ಎರಡು ಸಲವೂ ಬರಿಗೈ ಹಿಂದಕ್ಕೆ ತಂದು ತೊಡೆಯ ಮೇಲಿಟ್ಟುಕೊಂಡಳು. ಗುಂಡ್ಲುಪೇಟೆ ಬರುವ ತನಕ ಕರಿಯಮ್ಮ ಅವಳ ಕಡೆ ಒಂದು ಸಲವೂ ತಿರುಗಲಿಲ್ಲ.